ಸೈಕಾಲಜಿ ಸೀಟು

ದೇವನಹಳ್ಳಿಯಲ್ಲಿ ಬಿಎಗೆ ಸೇರುವಾಗ ನನಗೆ ಬೇಕಾಗಿದ್ದುದು ಸೈಕಾಲಜಿ. ಅಜ್ಜಿ ತೀರಿಕೊಂಡ ಮೇಲೆ ತಾತ ತಿಂಗಳುಗಟ್ಟಲೆ ಮಾತು ಬಿಟ್ಟು ಕೂತಿದ್ದರು. ಗಾಳಿ ಸೋಕಿದೆ ಎಂದು ಮನೆಯವರು ತಾಯಿತ ಕಟ್ಟಿಸಿದರು. ಮನುಷ್ಯನ ಒಳಗೆ ಏನಾದರೆ ಹೀಗಾಗುತ್ತದೆ ಎಂದು ತಿಳಿಯುವ ಹಟ ಆಗಲೇ ನನಗೆ ಹತ್ತಿತ್ತು.

ಆ ತರಗತಿಗೆ ಸೀಟು ಕಮ್ಮಿ, ಮೊದಲು ಬಂದವರಿಗೆ ಮೊದಲು ಎಂದಿದ್ದರು. ಚಿಕ್ಕಪ್ಪನ ಮಗಳೂ ಅದೇ ಕಾಲೇಜಿಗೆ ಸೇರುವವಳಿದ್ದಳು. ಅವಳಿಗೆ ಯಾವ ವಿಷಯವಾದರೂ ಒಂದೇ. ಆ ಬೆಳಗ್ಗೆ ಚಿಕ್ಕಪ್ಪ ಅವಳನ್ನು ಬೈಕಿನಲ್ಲಿ ಕರೆದೊಯ್ದರು. ನಮ್ಮಪ್ಪ ಶಿಫ್ಟಿಗೆ ಹೋಗಿಯಾಗಿತ್ತು. ನಾನು ನಮ್ಮೂರು ಕುಂದಾಣದಲ್ಲಿ ಬಸ್ಸಿಗೆ ಕಾದು ನಿಂತೆ. ಕೊನೆಗೆ ಕಾಲೇಜು ಮುಟ್ಟಿದಾಗ ಆಫೀಸಿನ ಮೇಡಂ, "ಸೈಕಾಲಜಿ ಫುಲ್ ಆಯ್ತಮ್ಮ, ಜಿಯಾಗ್ರಫಿ ತಗೋ" ಎಂದರು.

ಹೊರಗೆ ಚಿಕ್ಕಪ್ಪನ ಮಗಳು ನಗುತ್ತಾ ನಿಂತಿದ್ದಳು.

"ನೀನು ಯಾವಾಗ್ಲೂ ಸೈಕಾಲಜಿ ಸೈಕಾಲಜಿ ಅಂತಿದ್ಯಲ್ಲ, ನಾನೂ ಅದ್ನೇ ತಗೊಂಡ್ಬಿಟ್ಟೆ ಕಣೇ. ಇಬ್ರೂ ಒಂದೇ ಬೆಂಚಲ್ಲಿ ಕೂತ್ಕೊಳ್ಳೋಣ."

ನನ್ನ ಹೊಟ್ಟೆಯಲ್ಲಿ ಕೆಂಡ ಸುರಿದಂತಾಯಿತು. ಆಸೆ ನನ್ನದು, ಸೀಟು ಅವಳದು.

ವಿಧಿಯಿಲ್ಲದೆ ಜಿಯಾಗ್ರಫಿಗೆ ಸೇರಿದೆ. ತರಗತಿಗಳು ಶುರುವಾದ ಮೇಲೆ ಬಸ್ಸಿನಲ್ಲಿ ಬೇಕೆಂದೇ ಅವಳಿಂದ ದೂರ ಕೂರುತ್ತಿದ್ದೆ. ಆದರೂ ಇಳಿದು ನಡೆಯುವಾಗ ಕೇಳದೆ ಇರಲಾಗುತ್ತಿರಲಿಲ್ಲ.

"ಇವತ್ತು ಏನು ಹೇಳ್ಕೊಟ್ರು?"

"ಗಂಟೆ ಹೊಡೆದ್ರೆ ನಾಯಿ ಜೊಲ್ಲು ಸುರ್ಸತ್ತಂತೆ. ಅಷ್ಟೊತ್ತಿಗೆ ನಂಗೆ ನಿದ್ದೆ ಬಂದ್ಬಿಡ್ತು."

ಅದನ್ನು ಕೇಳಿಯೂ ನಿದ್ದೆ ಮಾಡಿದಳಲ್ಲ ಎಂದು ಮೈ ಉರಿಯಿತು. ಒಂದು ಮಧ್ಯಾಹ್ನ ಅವರ ತರಗತಿಯ ಕಿಟಕಿಯಲ್ಲಿ ಇಣುಕಿದೆ. ಮೇಡಂ ಕನಸುಗಳ ಬಗ್ಗೆ ಹೇಳುತ್ತಿದ್ದರು, ಇವಳು ಅಂಗೈ ಮೇಲೆ ಪೆನ್ನಿನಲ್ಲಿ ಹೂ ಬರೆಯುತ್ತಿದ್ದಳು. ಅಂದಿನಿಂದ ಅವಳೊಡನೆ ಮಾತು ಬಿಟ್ಟೆ.

ಒಂದು ವಾರ ಸಹಿಸಿಕೊಂಡಳು. ಆಮೇಲೆ ಬಸ್‌ಸ್ಟಾಪಿನಲ್ಲಿ ನನ್ನ ಬ್ಯಾಗು ಹಿಡಿದೆಳೆದು, "ಆ ದರಿದ್ರ ಸೀಟು ನೀನೇ ಇಟ್ಕೊಳ್ಳೇ! ಅದ್ಕೋಸ್ಕರ ನನ್ ಜೊತೆ ಮಾತು ಬಿಡ್ತೀಯಾ?" ಎಂದು ಅತ್ತುಬಿಟ್ಟಳು. ನಾನು ಬೇಡ ಎನ್ನಲಿಲ್ಲ. ಇಬ್ಬರೂ ಪ್ರಿನ್ಸಿಪಾಲರ ಮುಂದೆ ನಿಂತೆವು. ಒಬ್ಬರ ಜಾಗಕ್ಕೆ ಇನ್ನೊಬ್ಬರು ತಾನೆ ಎಂದು ಅವರು ಒಪ್ಪಿದರು.

ಮೊದಲ ದಿನ ಮುಂದಿನ ಬೆಂಚಿನಲ್ಲಿ ಕೂತು ಮೇಡಂ ಹೇಳಿದ್ದನ್ನೆಲ್ಲ ಬರೆದುಕೊಂಡೆ. ಹೊಟ್ಟೆ ತಣ್ಣಗಾಯಿತು ಎಂದುಕೊಂಡೆ.

ಅಷ್ಟರಲ್ಲಿ ಜಿಯಾಗ್ರಫಿಯವರನ್ನು ಆವತಿ ಬೆಟ್ಟಕ್ಕೆ ಕರೆದುಕೊಂಡು ಹೋದರು. ಅವಳು ಬಿಸಿಲಿಗೆ ಕಪ್ಪಾಗಿ, ದುಪಟ್ಟಾದ ತುಂಬ ಕಲ್ಲು ಕಟ್ಟಿಕೊಂಡು ಬಂದಳು.

"ನಮ್ ಸಾರ್ ಎಲ್ರ ಮುಂದೆ ನನ್ ಕೈಲೇ ಹೇಳ್ಸಿದ್ರು ಕಣೇ, ಬಂಡೆ ಯಾಕೆ ಈರುಳ್ಳಿ ಥರ ಸಿಪ್ಪೆ ಬಿಡತ್ತೆ ಅಂತ!"

ಅವಳ ಕಣ್ಣಿನಲ್ಲಿ ಅಂಥ ಹೊಳಪನ್ನು ನಾನು ನೋಡಿರಲಿಲ್ಲ. ನಾನು ಬಿಟ್ಟುಬಂದ ತರಗತಿ ಅದು. ಅಲ್ಲೇ ಇದ್ದಿದ್ದರೆ ಆ ಸಾರ್ ನನ್ನನ್ನೂ ಹಾಗೆ ನಿಲ್ಲಿಸುತ್ತಿದ್ದರೇನೋ ಎಂದು ಮತ್ತೆ ಸಂಕಟವಾಯಿತು.

ಈಗ ನಾವು ಕೊನೆಯ ವರ್ಷದಲ್ಲಿದ್ದೇವೆ. ಜಿಯಾಗ್ರಫಿಯಲ್ಲಿ ಅವಳೇ ಮುಂದು, ಎಂಎ ಮಾಡುತ್ತೇನೆ ಎನ್ನುತ್ತಾಳೆ. ನನಗೂ ಸೈಕಾಲಜಿ ಇಷ್ಟವೇ, ಅಂಕಗಳು ಮಾತ್ರ ಸಾಧಾರಣ. ಅವಳು ಮಾತಾಡುವಾಗ ಪಕ್ಕದಲ್ಲೇ ಕೂತು ಕೇಳುತ್ತೇನೆ. ಹೊಟ್ಟೆಕಿಚ್ಚು ಪೂರ್ತಿ ಆರಿಲ್ಲ. ಅವಳಿಗೂ ಅದು ಗೊತ್ತು.