ತಗಡಪ್ಪನ ಹಸಿರು ಕಾರಿನ ಬಾಗಿಲು

ಗ್ಯಾರೇಜಿನಲ್ಲಿ ಜಜ್ಜಿಹೋದ ಗಾಡಿಗಳ ಮೈ ತಟ್ಟಿ ನೇರ ಮಾಡುವುದು ತಗಡಪ್ಪನ ಕಸುಬು. ಹೆತ್ತವರಿಟ್ಟ ಹೆಸರು ಬೇರೆ, ಬೀದಿಯವರಿಟ್ಟದ್ದು ಉಳಿಯಿತು. ಮನೆಗೆ ಬಂದರೆ ಇನ್ನೊಂದು ಗೀಳು: ಅಂಗೈ ಮೇಲೆ ನಿಲ್ಲುವಂಥ ಕಾರು ಮಾಡುವುದು. ಅಂಗಡಿಯ ಆಟಿಕೆ ಕಂಡರೆ ಮೂಗು ಮುರಿಯುತ್ತಿದ್ದ. ಹಾಲುಪುಡಿ ಡಬ್ಬಿ ಕತ್ತರಿಸಿ ಮೈ, ಕೊಡೆಯ ಕಡ್ಡಿಯಿಂದ ಚಕ್ರದ ಅಚ್ಚು, ಗುಳಿಗೆ ಬರುವ ಪ್ಲಾಸ್ಟಿಕ್ ಗುಳ್ಳೆಯಿಂದ ಹೆಡ್‌ಲೈಟು. ಎಲ್ಲವೂ ಸ್ವಂತ ಕೈಯದೇ ಆಗಬೇಕು.

ಈ ಸಲದ ಕಾರು ಮಾತ್ರ ಗೀಳಿಗೆ ಮಾಡಿದ್ದಲ್ಲ, ಹೆಂಡತಿಯ ಭಯಕ್ಕೆ ಮಾಡಿದ್ದು.

ಹಿಂದಿನ ವರ್ಷ ಅವರ ಹಸಿರು ಕಾರು ಕಾಲುವೆಗೆ ಉರುಳಿತ್ತು. ಓಡಿಸುತ್ತಿದ್ದವನು ಇವನೇ. ನೀರು ಎದೆಗೆ ಬಂದರೂ ಆಕೆಯ ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಹಿಂದಿನ ಗಾಜು ಒಡೆದು ಹೇಗೋ ಆಕೆಯನ್ನು ಎಳೆದು ಹಾಕಿದ. ಜೀವ ಮೇಲೆ ಬಂತು, ಧೈರ್ಯ ನೀರಲ್ಲೇ ಉಳಿಯಿತು. ಆಮೇಲೆ ಆಕೆ ಯಾವ ಬಾಗಿಲಿಗೂ ಚಿಲಕ ಹಾಕಿದವಳಲ್ಲ. ಬಚ್ಚಲಿಗೆ ಹೋದರೂ ಬಾಗಿಲು ಓರೆ ಮಾಡಿ, ಯಾರೂ ಬಾರದಿರಲೆಂದು ಗಂಟಲು ಹರಿಯುವಂತೆ ಹಾಡುತ್ತಿದ್ದಳು. ಬಾಗಿಲು ಮುಚ್ಚುವ ವಾಹನ ಕಂಡರೆ ಅಂಗೈ ಬೆವರುತ್ತಿತ್ತು. ಅತ್ತ ಕಾಲುವೆಯಾಚೆಯ ಊರಲ್ಲಿ ಮಗಳು ತುಂಬು ಬಸುರಿ. ಹೆರಿಗೆಗೆ ಅಮ್ಮ ಪಕ್ಕದಲ್ಲಿರಬೇಕೆಂದು ಫೋನಿನಲ್ಲಿ ಅಳುತ್ತಿದ್ದಳು.

“ಆ ಕಾರನ್ನೇ ಸಣ್ಣದಾಗಿ ಮಾಡಿಕೊಡ್ರೀ,” ಎಂದಳು ಹೆಂಡತಿ. “ಬಾಗಿಲು ತೆಗೆದು ಮುಚ್ಚಿ ಕೈಗೆ ರೂಢಿ ಆಗ್ಲಿ. ಆಮೇಲೆ ದೊಡ್ಡದ್ರಲ್ಲಿ ಕೂತ್ಕೋತೀನಿ.”

ಪಿನ್ನಿನ ತಂತಿ ಬಗ್ಗಿಸಿ ಕೀಲು ಮಾಡಿದ, ಕೂದಲೂ ತೂರದಂತೆ ಬಾಗಿಲು ಕೂರಿಸಿದ. ಆಕೆ ಮೊದಮೊದಲು ಕಣ್ಣು ಮುಚ್ಚಿ ತೆರೆಯುತ್ತಿದ್ದಳು; ಬರಬರುತ್ತಾ ಒಗ್ಗರಣೆಗಿಟ್ಟ ಎಣ್ಣೆ ಕಾಯುವಷ್ಟರಲ್ಲಿ ಒಂದೇ ಕೈಯಲ್ಲಿ ಟಕ್ಕನೆ ತೆಗೆದು ಹಾಕುತ್ತಿದ್ದಳು.

ಅಷ್ಟಕ್ಕೇ ಬಿಟ್ಟಿದ್ದರೆ ಸಾಕಿತ್ತು. ಬೆತ್ತಲೆ ತಗಡು ಅವನ ಕಣ್ಣು ಚುಚ್ಚುತ್ತಿತ್ತು. ಆಕೆ ತಂಗಿಯ ಮನೆಗೆ ಹೋದ ದಿನ ಪ್ರೈಮರ್ ಹೊಡೆದ, ಹಸಿರು ಬಳಿದ, ಮೇಲೆ ಹೊಳಪೂ ಕೊಟ್ಟ. ಬಣ್ಣಕ್ಕೂ ದಪ್ಪವಿದೆ, ಅದಕ್ಕೆಂದು ಸಂದಿ ಬಿಡಬೇಕು ಎಂಬುದು ಈ ಕೆಲಸದವರಿಗೆಲ್ಲ ಗೊತ್ತು. ಬಿಗಿ ಸಂದಿಯ ಜಂಬದಲ್ಲಿ ಅವನಿಗೆ ಮರೆತುಹೋಯಿತು.

ಮರುದಿನ ಬೆಳಗ್ಗೆ ಫೋನು ಬಂತು, ಮಗಳಿಗೆ ನೋವು ಶುರುವಾಗಿದೆ. ಬಾಮೈದ ತನ್ನ ಕಾರು ತಂದು ಬಾಗಿಲಿಗೆ ನಿಲ್ಲಿಸಿದ.

“ಅಕ್ಕಾ, ಹತ್ತು ಬೇಗ. ನಿನ್ನ ಮೊಮ್ಮಗು ನಿನಗೆ ಕಾಯುತ್ತಾ?”

“ಒಂದ್ಸಲ ತೆಗೆದು ನೋಡಿ ಬರ್ತೀನಿ ತಡೀ,” ಎಂದು ಆಕೆ ಕಪಾಟಿನಲ್ಲಿದ್ದ ಪುಟ್ಟ ಕಾರಿನತ್ತ ಕೈ ಚಾಚಿದಳು.

ತಗಡಪ್ಪನಿಗೆ ಸಂದಿ ನೆನಪಾದದ್ದು ಆಗ. ಬಣ್ಣ ನೋಡಿ ಆಕೆಯ ಮುಖ ಅರಳಿತು, ಬೆರಳು ಹಿಡಿಗೆ ಹೋಯಿತು. ಬಾಗಿಲು ಅಲುಗಲಿಲ್ಲ. ಉಗುರು ಹಾಕಿದಳು. ಇಲ್ಲ. ಮುಖ ಸುಣ್ಣವಾಯಿತು.

“ಒಳಗೆ ಗಾಳಿ ಇಲ್ಲ,” ಎಂದಳು ಮೆಲ್ಲಗೆ.

“ಕೊಡೇ ಇಲ್ಲಿ, ಬಣ್ಣ ಹಿಡ್ಕೊಂಡಿದೆ ಅಷ್ಟೆ, ನಾನು ತೆಗೀತೀನಿ.”

“ಮುಟ್ಟಬೇಡಿ! ಒಂದ್ಸಲ ನಿಮ್ಮ ಕೈಯಲ್ಲಿ ಜೀವ ಕೊಟ್ಟಿದ್ದು ಸಾಕು.”

ಅವನು ಗೋಡೆಗೆ ಒರಗಿದ. ಆಕೆ ಹೊಲಿಗೆ ಡಬ್ಬಿಯಿಂದ ಬ್ಲೇಡು ತೆಗೆದಳು. ಸಂದಿಯುದ್ದಕ್ಕೂ ಗೀರಿದಳು, ಮತ್ತೆ ಗೀರಿದಳು. ಬೆರಳು ಕೊಯ್ದು ರಕ್ತ ಬಂದರೂ ಬಿಡಲಿಲ್ಲ. ಹಸಿರು ಚಕ್ಕೆ ಎದ್ದು ಬಾಗಿಲು ತೆರೆಯಿತು. ಬೆರಳು ಬಾಯಲ್ಲಿಟ್ಟುಕೊಂಡೇ ಹೊರಗೆ ಹೋಗಿ, ದೊಡ್ಡ ಕಾರಿನ ನಾಲ್ಕೂ ಬಾಗಿಲು ತಾನೇ ತೆಗೆದು ಹಾಕಿ ನೋಡಿ, ಹತ್ತಿ ಕೂತಳು.

“ಭಾವ, ನೀವು ಓಡಿಸ್ತೀರಾ?” ಎಂದ ಬಾಮೈದ.

“ನನ್ನ ಕಣ್ಣು ಮಂಜು ಕಣೋ.” ವರ್ಷವಿಡೀ ಹೇಳಿದ ನೆಪ ಅದೇ. ಎಲ್ಲರೂ ಆಕೆಯ ಭಯ ನೋಡುತ್ತಿದ್ದರು, ಇವನದನ್ನು ಯಾರೂ ಕೇಳಿರಲಿಲ್ಲ.

ಕಾಲುವೆಯ ಪಕ್ಕದ ರಸ್ತೆ ಬಂದಾಗ ಅವನ ಉಸಿರು ಕಟ್ಟಿತು. ಮುಂದಿನ ಸೀಟು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿದ. ಪಕ್ಕದಿಂದ ಹೆಂಡತಿಯ ಮೊಣಕೈ ತಿವಿಯಿತು.

“ಏನ್ರೀ, ಉಸಿರಾಡ್ತಿದೀರಾ?”

“ಹೂಂ.”

“ಮತ್ತೆ ನನಗ್ಯಾಕೆ ಕೇಳಿಸ್ತಿಲ್ಲ? ಕಿಟಕಿ ಇಳಿಸಿ. ನನ್ನ ಕಡೇದೂ ಇಳಿಸಿದೀನಿ.”

ಆಸ್ಪತ್ರೆಯ ಗೇಟಿನಲ್ಲಿ ಕಾರು ನಿಲ್ಲುತ್ತಲೇ ಆಕೆ ಬಾಗಿಲು ತೆರೆದು ಓಡಿದಳು. ತಗಡಪ್ಪ ಮುಂದಿನ ಸೀಟಿನಿಂದ ಕೈ ಬಿಡಿಸಿ ಇಳಿಯುವ ಹೊತ್ತಿಗೆ ಆಕೆ ಮೆಟ್ಟಿಲು ಹತ್ತಿ ಆಗಿತ್ತು.