ಸನಾದಿ ಮಾಸ್ತರರ ಪ್ರಶ್ನೆ

ನಾರಾಯಣಗೂಡದ ಸನಾದಿ ಮಾಸ್ತರರು ವಾದ್ಯದ ಪೀಪಿಯನ್ನು ತುಟಿಯಲ್ಲಿ ನೆನೆಸಿಕೊಂಡು ಮದುವೆ ಮನೆಯವರನ್ನೆಲ್ಲ ಕೇಳುತ್ತಿದ್ದುದು ಒಂದೇ ಮಾತು: “ಕಣ್ಣೀರ ಬೇಕೇನ್ರಿ, ಕುಣಿತ ಬೇಕೇನ್ರಿ?”

ತನ್ನ ಕೊರಳಿಗೆ ತಾಳಿ ಕಟ್ಟುವಾಗ, ತೀರಿಹೋದ ಅವ್ವನ ಜೋಗುಳದ ಧಾಟಿ ನುಡಿಸಬೇಕೆಂದು ಅಕ್ಕ ನನಗೆ ಹೇಳಿ ಕಳಿಸಿದ್ದಳು. ಎಲ್ಲರೆದುರು ಅತ್ತುಬಿಟ್ಟೇನೆಂದು ಹೆದರಿ ನಾನು, “ಕುಣಿತಾನ ಇರ್ಲಿ, ಮಾಸ್ತರ್” ಎಂದೆ.

ಮುಹೂರ್ತದಲ್ಲಿ ಸನಾದಿ ಎಂಥ ಓಟ ಕಿತ್ತಿತೆಂದರೆ, ಭಟ್ಟರ ಮಂತ್ರವೂ ಅದರ ಹಿಂದೆ ಓಡಿತು. ಸೋದರತ್ತೆ ಅಕ್ಷತೆ ಬಟ್ಟಲು ಹಿಡಿದೇ ಕುಣಿದಳು. ತಲೆದೂಗಿದ ಮದುಮಗನ ಬಾಸಿಂಗ ಮೂಗಿಗಿಳಿಯಿತು.

“ಅವ್ವನ ಹಾಡ ಎಲ್ಲೈತೋ?” ಅಕ್ಕ ಕೇಳಿದಳು.

“ನಾನs ಬ್ಯಾಡಂದೆ, ಅಕ್ಕಾ.”

ಅವಳು ನನ್ನನ್ನು ನೋಡಿದಳು. “ಹಂಗಾರ ಕುಣಿ, ಭಾಡ್ಯಾ.”

ಕುಣಿದೆ. ಕುಣಿಯುತ್ತಲೇ ಬಿಕ್ಕಿದೆ. ಮಾಸ್ತರರು ಕಂಡರು. ನನ್ನ ಬಿಕ್ಕು ಯಾರಿಗೂ ಕೇಳಿಸದಂತೆ ಕೆನ್ನೆ ಉಬ್ಬಿಸಿ ಊದುತ್ತ, ನನ್ನ ಸುತ್ತಲೇ ತಿರುಗಿದರು.