ಪೆಟ್ಟಿಗೆ ಎತ್ತಿ ನೋಡಲು ಕಲಿಸಿದವರು

ಅವರ ಬಲಗೈಯ ತೋರುಬೆರಳು ಅರ್ಧಕ್ಕೇ ಮುಗಿದಿತ್ತು. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಫಿಟರ್ ಆಗಿದ್ದಾಗ ಯಂತ್ರಕ್ಕೆ ಸಿಕ್ಕಿ ಹೋದದ್ದು. ಉಳಿದ ಬೆರಳುಗಳನ್ನು ಜೇನುಪೆಟ್ಟಿಗೆಯ ಹಿಂಬದಿಗೆ ಕೊಟ್ಟು, ಒಂದಿಂಚು ಎತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. "ಹುಳುಗಳಿಗೆ ಸಂಕ್ರಾಂತಿವರೆಗೂ ಊಟ ಇದೆ ಕಣಮ್ಮ" ಎಂದರೆ ಇದ್ದೇ ಇರುತ್ತಿತ್ತು.

ಬಸವೇಶ್ವರನಗರದಲ್ಲಿ ನಮ್ಮ ಹಿಂದಿನ ಬೀದಿಯ ಅಂಕಲ್ ಅವರು. ನಿವೃತ್ತರಾದ ಮೇಲೆ ತಾರಸಿಯಲ್ಲಿ ಮೂರು ಪೆಟ್ಟಿಗೆ ಜೇನು ಸಾಕಿದ್ದರು. ನನಗೂ ಆ ಹುಚ್ಚು ಹಿಡಿಸಿ, ನಮ್ಮ ತಾರಸಿಗೆ ಒಂದು ಪೆಟ್ಟಿಗೆ ತಂದಿಟ್ಟುಕೊಟ್ಟವರೂ ಅವರೇ. ಮಾಗಿಯ ಚಳಿಯಲ್ಲಿ ಮುಚ್ಚಳ ತೆಗೆದು ಕೆದಕಬಾರದು, ಎತ್ತಿ ತೂಕ ನೋಡಬೇಕು, ಹಗುರ ಅನ್ನಿಸಿದರೆ ಸಕ್ಕರೆ ಪಾಕ ಇಡಬೇಕು. ಎಲ್ಲವೂ ಅವರ ಪಾಠ. ಆತುರಪಟ್ಟೆನೋ, ಬೈಗುಳ: "ಹಬ್ಬದ ದಿನ ಅಡುಗೆಮನೆ ಇಣುಕೋ ಮಕ್ಕಳ ಥರ ಆಡ್ಬೇಡ!" ಬೈದು ಮುಗಿದ ಮೇಲೆ ಆಂಟಿಯನ್ನು ಕೂಗಿ ನನಗೆ ಕಾಫಿ ತರಿಸುತ್ತಿದ್ದರು. ಅಪ್ಪನಿಲ್ಲದ ನನಗೆ ಆ ಬೈಗುಳವೂ ಹಿತವಾಗಿತ್ತು.

ಎರಡು ಸಾವಿರದ ಆರರ ಡಿಸೆಂಬರಿನಲ್ಲಿ ತಂಗಿಯ ಬಾಣಂತನಕ್ಕೆಂದು ಮಂಡ್ಯಕ್ಕೆ ಹೊರಟೆ. ಹೊರಡುವ ಬೆಳಿಗ್ಗೆ ಪೆಟ್ಟಿಗೆ ಎತ್ತಿ ನೋಡಿದ್ದೆ, ಒಳ್ಳೇ ಭಾರವಿತ್ತು. ತಾರಸಿಯ ಬೀಗದ ಕೈ ಅವರಿಗೇ ಕೊಟ್ಟೆ. ತಿಂಗಳು ಬಿಟ್ಟು ಬಂದರೆ ಪೆಟ್ಟಿಗೆ ತೊಳೆದು ಬೋರಲು ಹಾಕಿತ್ತು.

"ಹಸಿವಿಗೆ ಗೂಡು ಬಿಟ್ಟು ಹೋದ್ವು ಕಣಮ್ಮ. ಇರುವೆ ಮುತ್ತಿತ್ತು, ತೊಳೆದಿಟ್ಟೆ. ಹೋಗೋ ಮುಂಚೆ ನೀನು ಸರಿಯಾಗಿ ಎತ್ತಿ ನೋಡಿಲ್ಲ."

ನಂಬಿದೆ. ನನ್ನ ಕೈಗೇ ತೂಕ ತಿಳಿಯಲಿಲ್ಲವಲ್ಲ ಎಂದು ಗೋಳೋ ಎಂದು ಅತ್ತೆ. ಪಕ್ಕದಲ್ಲಿ ಕೂತು ಅವರೂ ಕಣ್ಣೊರೆಸಿಕೊಂಡರು.

ಫೆಬ್ರವರಿಯಲ್ಲಿ ಅವರಿಗೆ ಜ್ವರ ಬಂತು. "ನನ್ನ ಜೇನು ಡಬ್ಬಗಳನ್ನ ಸುಮ್ನೆ ಎತ್ತಿ ನೋಡ್ಕೊಂಡು ಬಾ" ಎಂದು ನನ್ನನ್ನೇ ಮೇಲೆ ಕಳಿಸಿದರು. ಚಳಿ ಇಳಿದಿತ್ತು, ನಾನು ಒಂದರ ಮುಚ್ಚಳವನ್ನೂ ತೆಗೆದೆ. ಒಳಗೆ ಜೇನು ತುಂಬಿಡುವ ಎರಿ ಕಟ್ಟಿದ ಮೂರು ಮರದ ಚೌಕಟ್ಟುಗಳ ಮೇಲೆ ಗುಲಾಬಿ ಚುಕ್ಕೆ. ನನ್ನ ಉಗುರುಬಣ್ಣ! ಅವರದೂ ನನ್ನದೂ ಬೆರೆಯದಿರಲಿ ಎಂದು ನನ್ನ ಚೌಕಟ್ಟುಗಳಿಗೆ ನಾನೇ ಇಟ್ಟ ಗುರುತು. ನನ್ನ ಹುಳುಗಳ ಊಟ ಎತ್ತಿ ತಮ್ಮ ಹುಳುಗಳಿಗೆ ಬಡಿಸಿದ್ದರು.

ಕೆಳಗಿಳಿದು ಮಂಚದ ಪಕ್ಕ ನಿಂತೆ. "ಅಂಕಲ್, ನನ್ನ ಫ್ರೇಮು ನಿಮ್ಮ ಡಬ್ಬದಲ್ಲಿ ಯಾಕಿದೆ?"

ಗೋಡೆ ಕಡೆ ತಿರುಗಿದರು. "ಪಾಕ ಇಡೋದು ತಡ ಮಾಡ್ಬಿಟ್ಟೆ. ನನ್ನವು ಸಾಯೋ ಹಾಗಿದ್ವು. ನಿಂದ್ರಲ್ಲಿ ಬೇಕಾದಷ್ಟಿತ್ತು, ಉಳಿದಿದ್ದು ಸಾಕಾಗುತ್ತೆ ಅನ್ಕೊಂಡೆ."

"ತಗೊಂಡಿದ್ದು ಹಾಳಾಗ್ಲಿ. ನಂದೇ ತಪ್ಪು ಅಂದ್ರಲ್ಲ ಅಂಕಲ್? ನಾನು ಅಳೋದನ್ನ ನೋಡ್ಕೊಂಡು ಕೂತಿದ್ರಲ್ಲ?"

ಹೊದಿಕೆಯನ್ನು ಮುಖದವರೆಗೂ ಎಳೆದುಕೊಂಡರು. ಆಮೇಲೆ, "ಒಂದು ಡಬ್ಬ ನೀನೇ ತಗೊಂಡ್ಹೋಗು" ಎಂದರು. ಬೇಡವೆಂದು ಬಂದುಬಿಟ್ಟೆ. ಅವರು ಇರುವವರೆಗೂ ಮತ್ತೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ.

ಎರಡು ವರ್ಷಕ್ಕೆ ಅವರು ತೀರಿಕೊಂಡರು. ಹೋಗಿ ಹಾರ ಹಾಕಿ ಬಂದೆ. ಅಳುವೂ ಬಂತು, ಸಿಟ್ಟೂ ಬಂತು.

ಈಗ ನಮ್ಮ ಕಡೆ ಯಾರ ಮನೆಯಲ್ಲಿ ಜೇನಿದ್ದರೂ ಚಳಿಗಾಲಕ್ಕೆ ನನ್ನನ್ನೇ ಕರೆಯುತ್ತಾರೆ. ಎತ್ತಿ ನೋಡಿ ಹೇಳುತ್ತೇನೆ, ಇವತ್ತಿನವರೆಗೂ ತಪ್ಪಿಲ್ಲ. ಈ ವಿದ್ಯೆ ಅವರು ಕೊಟ್ಟದ್ದು, ಇಲ್ಲವೆನ್ನಲಾರೆ. "ಯಾರು ಕಲಿಸಿದ್ರು ಮೇಡಂ?" ಎಂದು ಕೇಳುತ್ತಾರೆ. "ಹಿಂದಿನ ಬೀದಿಯವರೊಬ್ರು" ಎನ್ನುತ್ತೇನೆ. ಹೆಸರು ಮಾತ್ರ ಇವತ್ತಿಗೂ ಹೇಳುವುದಿಲ್ಲ.